ನೀಲಿ ಮೂಲೆ

ಹರಿಹರದಲ್ಲಿ ನನ್ನ ಸೋದರಮಾವನ ವರ್ಕ್‌ಶಾಪಿದೆ. ಅದರ ಗೋಡೆಯ ಮೇಲೆ, ಮನೆದೇವರ ಫೋಟೋದ ಪಕ್ಕ, ಒಂದು ನೀಲಿ ಚಿತ್ರ ತೂಗುತ್ತಿತ್ತು. ನಾನೇ ಕೊಟ್ಟದ್ದು, ಕಂಪ್ಯೂಟರಿನಿಂದ ತೆಗೆದ ಪ್ರಿಂಟು. ಮಾವ ಅದಕ್ಕೆ ಗಾಜು ಹಾಕಿಸಿ, ಕಟ್ಟು ಹಾಕಿಸಿ, ಆಯುಧಪೂಜೆಯ ದಿನ ಲೇತ್ ಮಷಿನಿಗೆ ಹಚ್ಚಿದ ವಿಭೂತಿಯನ್ನೇ ಅದರ ಮೇಲೂ ಮೂರು ಬೆರಳಲ್ಲಿ ಎಳೆದಿದ್ದರು. ನಾನು ಬಿದ್ದು ಬಿದ್ದು ನಕ್ಕಿದ್ದೆ. ಈಗ ಆ ನಗು ನೆನಪಾದರೆ ಮೈ ಉರಿಯುತ್ತದೆ.

ಚಿತ್ರದಲ್ಲಿದ್ದದ್ದು ದೇವರಲ್ಲ, ಒಂದು ಜರಡಿ. ಅಕ್ಕಿ ಮಿಲ್ಲಿನಲ್ಲಿ ಭತ್ತದ ಕಸ, ಕಲ್ಲು ಬೇರ್ಪಡಿಸಲು ಹಗಲೆಲ್ಲ ಗಡಗಡ ಅಲುಗುವ ದೊಡ್ಡ ಕಬ್ಬಿಣದ ತಟ್ಟೆ. ಮಲೆಬೆನ್ನೂರಿನ ಕಡೆಯ ಮಿಲ್ಲುಗಳಿಗೆ ಮಾವ ಇಂಥ ಜರಡಿ ಮಾಡಿಕೊಡುತ್ತ ಬಂದವರು. ಅವರದು ಬಾಯಿ ಮಾತಿನ ವ್ಯವಹಾರ. ಜರಡಿ ತಡೆಯುತ್ತದೆ ಅಂದರೆ ತಡೆಯಬೇಕು. ತಡೆಯದಿದ್ದರೆ ಮುಂದಿನ ಸುಗ್ಗಿಗೆ ಯಾರೂ ಅವರ ಬಾಗಿಲಿಗೆ ಬರುವುದಿಲ್ಲ.

ನಾನು ದಾವಣಗೆರೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಮಾಡುವವಳು. ಅದನ್ನು ಓದಿಸಿದವರೂ ಈ ಮಾವನೇ. ಹುಡುಗಿಗೆ ಯಂತ್ರದ ಓದು ಬೇಡ, ಬಿ.ಎಡ್ ಮಾಡಲಿ ಎಂದು ಅಪ್ಪ ಹಟ ಹಿಡಿದಾಗ, ನಮ್ಮ ಪಡಸಾಲೆಯಲ್ಲಿ ಕೂತು, "ಯಾಕ ಭಾವಾ, ಮಷಿನ್‌ಗೇನು ಗಂಡು ಹೆಣ್ಣು ಗೊತ್ತಾಗ್ತೈತಾ? ನನ್ನ ಸೊಸಿ ಓದ್ಲಿ ಬಿಡ್ರಿ," ಎಂದು ಅಪ್ಪನ ಬಾಯಿ ಮುಚ್ಚಿಸಿದ್ದರು. ಆ ಋಣ ನನ್ನ ತಲೆಯ ಮೇಲೆ ಇದ್ದೇ ಇತ್ತು.

ಹೋದ ಮಳೆಗಾಲದಲ್ಲಿ ಒಂದು ಭಾನುವಾರ ಮಾವ ದೇವರಾಜ ಅರಸು ಬಡಾವಣೆಯ ನಮ್ಮ ಮನೆಗೆ ಬಂದರು. ಅವಲಕ್ಕಿ ತಿಂದು ಕೈ ತೊಳೆದು, ಚೀಲದಿಂದ ಒಂದು ರಟ್ಟು ತೆಗೆದರು. ಅದರ ಮೇಲೆ ಸೀಮೆಸುಣ್ಣದಲ್ಲಿ ಜರಡಿ ಬರೆದಿದ್ದರು. ಚೌಕ ಮೂಲೆಗಳಲ್ಲಿ ಭತ್ತ ಸಿಕ್ಕಿಕೊಂಡು ಕೊಳೆಯುತ್ತದೆ, ಅದಕ್ಕೆ ನಾಲ್ಕೂ ಮೂಲೆಗಳನ್ನು ಪರಾತದಂತೆ ಗುಂಡಗೆ ಬಗ್ಗಿಸುವ ಯೋಚನೆ ಅವರದು.

"ತಡಿತೈತಾ ನೋಡಿ ಹೇಳವ್ವಾ," ಅಂದರು.

"ಕಂಪ್ಯೂಟರ್‌ನಾಗೆ ಹಾಕಿ ನೋಡ್ತೀನಿ ಮಾವ."

"ಖಾತ್ರಿ ಇದ್ರೆ ಮಾತ್ರ ಹೂಂ ಅನ್ನು. ನೀ ಹೂಂ ಅಂದ್ರೆ ನಾ ಮಿಲ್‌ನೋರಿಗೆ ಹೂಂ ಅಂತೀನಿ. ಆಮ್ಯಾಲೆ ಹಿಂದ್ ಸರಿಯೋ ಹಂಗಿಲ್ಲ."

ಅವರು ಕೇಳಿದ ಪ್ರಶ್ನೆ ಸಣ್ಣದಲ್ಲ. ತಗಡು ಎಷ್ಟು ಬಾಗುತ್ತದೆ ಅನ್ನುವುದನ್ನು ಕಂಪ್ಯೂಟರ್ ಸುಲಭವಾಗಿ ಹೇಳುತ್ತದೆ. ಆದರೆ ತಗಡು ಬಿರಿಯುವುದು ಬಾಗಿದ್ದಕ್ಕಲ್ಲ, ಒಂದೇ ಕಡೆ ಥಟ್ಟನೆ ಬಾಗಿದ್ದಕ್ಕೆ. ಸ್ಕೂಟರಿನಲ್ಲಿ ರೋಡ್ ಹಂಪ್ ಹಾರಿಸಿದವರಿಗೆ ಇದು ಅರ್ಥವಾಗುತ್ತದೆ. ಹಂಪಿನ ಎತ್ತರ ಒಂದು ಸಂಗತಿ. ಆ ಎತ್ತರ ಎಷ್ಟು ಕಡಿದಾಗಿ ಏರುತ್ತದೆ ಅನ್ನುವುದು ಇನ್ನೊಂದು, ಅದು ಮೊದಲನೆಯ ಡೆರಿವೇಟಿವ್. ಆ ಏರೇ ಎಷ್ಟು ಬೇಗ ಬದಲಾಗುತ್ತದೆ ಅನ್ನುವುದು ಎರಡನೆಯ ಡೆರಿವೇಟಿವ್. ಸೊಂಟ ಹಿಡಿದುಕೊಳ್ಳುವುದು ಈ ಎರಡನೆಯದರಿಂದ. ತಗಡಿಗೂ ಅಷ್ಟೇ. ಇದರ ಮೇಲೆ ಮೂರನೆಯದೂ ಇದೆ. ಮೇಲೆ ಮೇಲೆ ಹೋದಷ್ಟೂ ಲೆಕ್ಕದ ಸಣ್ಣ ತಪ್ಪು ದೊಡ್ಡದಾಗುತ್ತ ಹೋಗುತ್ತದೆ. ಹಾಗಾಗಿ ಆ ಕೆಲಸಕ್ಕೆ ಕೈ ಹಾಕುವವರು ಕಡಿಮೆ.

ನಾವು ಹಾಕಿದ್ದೆವು. ನಾವು ಅಂದರೆ ನಾನು ಮತ್ತು ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಮೇಜಿನವನು. ಕುಕ್ಕುವಾಡದ ಹುಡುಗ, ನನಗಿಂತ ಚಿಕ್ಕವನು, ಕಾಲೇಜಿಗೆ ಸೇರಿದ ದಿನದಿಂದ ಬಾಯ್ತುಂಬ ಅಕ್ಕಾ ಎಂದು ಕರೆದವನು. ಇಬ್ಬರೂ ಒಬ್ಬರೇ ಗೈಡಿನ ಕೈಕೆಳಗೆ ಪಿಎಚ್.ಡಿ ಮಾಡುತ್ತಿದ್ದೆವು. ನನ್ನ ಡಬ್ಬಿಯ ಜೋಳದ ರೊಟ್ಟಿಯಲ್ಲಿ ಅರ್ಧ ಅವನಿಗೆ. ಅವನ ಹೊಲದ ಕಬ್ಬು, ಅವನ ಅವ್ವ ಮಾಡಿದ ಶೇಂಗಾ ಚಟ್ನಿಪುಡಿ ನಮ್ಮ ಮನೆಗೆ. ನನಗೆ ಒಡಹುಟ್ಟಿದ ತಮ್ಮಂದಿರಿಲ್ಲ, ಇವನೊಬ್ಬ ಸಿಕ್ಕ ಅಂದುಕೊಂಡಿದ್ದೆ. ಎಂಥ ಪೆದ್ದಿ ನಾನು!

ಇಬ್ಬರೂ ಸೇರಿ ಒಂದು ಪ್ರೋಗ್ರಾಂ ಬರೆದಿದ್ದೆವು. ಫೈನೈಟ್ ಎಲಿಮೆಂಟ್ ಅನ್ನುವುದು ಇಷ್ಟೇ: ದೊಡ್ಡ ತಗಡನ್ನು ಲೆಕ್ಕದ ಮಟ್ಟಿಗೆ ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದರ ಲೆಕ್ಕ ಹಾಕಿ, ಕೊನೆಗೆ ಎಲ್ಲವನ್ನೂ ಸೇರಿಸುವುದು. ತುಂಡು ಮಾಡುವುದು, ಸೇರಿಸುವುದು ನನ್ನ ಪಾಲು. ಡೆರಿವೇಟಿವ್‌ಗಳ ಲೆಕ್ಕ ಅವನ ಪಾಲು. "ಎರಡ್ನೇದು ಮುಗೀತಕ್ಕಾ, ಎಲ್ಲಾ ಟೆಸ್ಟೂ ಪಾಸು," ಎಂದು ಅವನು ಕುಣಿದುಕೊಂಡು ಬಂದ ದಿನ ನಾನು ಅವನಿಗೆ ಬೆಣ್ಣೆ ದೋಸೆ ಕೊಡಿಸಿದ್ದೆ. ಅವನ ಪಾಲನ್ನು ನಾನು ಬಿಚ್ಚಿ ನೋಡಲಿಲ್ಲ. ಮನೆಯವನೇ ಮಾಡಿದ್ದನ್ನು ಯಾರಾದರೂ ಬಿಚ್ಚಿ ನೋಡುತ್ತಾರೆಯೇ?

ಮಾವನ ಜರಡಿಯನ್ನು ಆ ಪ್ರೋಗ್ರಾಮಿಗೆ ಹಾಕಿದೆ. ಗುಂಡಗಿನ ಮೂಲೆಗೆ ಸರಿಯಾಗಿ ಕೂರಲೆಂದು ತುಂಡುಗಳ ಅಂಚನ್ನೂ ಡೊಂಕು ಮಾಡಿ ಹೆಣೆದೆ. ನಮ್ಮ ಚಿತ್ರಗಳಲ್ಲಿ ಕೆಂಪು ಅಂದರೆ ಅಪಾಯ, ನೀಲಿ ಅಂದರೆ ನಿಶ್ಚಿಂತೆ. ತಟ್ಟೆಯ ನಡುವೆ ಸ್ವಲ್ಪ ಹಸಿರು, ಹಳದಿ ಬಂತು. ಮೂಲೆಗಳು ನಾಲ್ಕೂ ನೀಲಿ. ಒಂದು ಕ್ಷಣ ಮನಸ್ಸು ಅಳುಕಿತು. ಜರಡಿಯನ್ನು ಅಲುಗಿಸುವ ಮೋಟರು ಕೂರುವ ಕಡೆಯ ಮೂಲೆಯೂ ಇಷ್ಟು ತಣ್ಣಗಿರುತ್ತದೆಯೇ? ಅವನನ್ನೇ ಕರೆದೆ.

"ಏನಪ್ಪಾ, ಇಲ್ಲಿ ಡೊಂಕು ಐತೆ ನೋಡು. ನಿನ್ನ ಎರಡ್ನೇ ಡೆರಿವೇಟಿವ್ ಇಲ್ಲಿ ಸರಿ ಬರ್ತೈತಾ? ಮಾವನ ಕೆಲ್ಸ ಇದು, ಹುಡುಗಾಟ ಅಲ್ಲ."

ಅವನು ಕುರ್ಚಿ ಎಳೆದುಕೊಂಡು ಕೂತ. ಚಿತ್ರವನ್ನು ದೊಡ್ಡದು ಮಾಡಿ ಮೂಲೆಯನ್ನು ನೋಡಿದ. ಸುಮ್ಮನೆ ಕಣ್ಣು ಹಾಯಿಸಿದ್ದಲ್ಲ, ಬಹಳ ಹೊತ್ತು ನೋಡಿದ. ತುಂಡುಗಳನ್ನು ಹೆಣೆದದ್ದು ಹೇಗೆ ಎಂದು ಕೇಳಿದ. ಆ ಫೈಲಿನ ಒಂದು ಕಾಪಿ ಕೊಡ್ರಿ ಅಂದ, ಕೊಟ್ಟೆ.

"ಚಲೋ ಐತಕ್ಕಾ, ಕೊಟ್ಬಿಡ್ರಿ," ಅಂದ.

"ಖಾತ್ರಿನಾ?"

"ಖಾತ್ರಿ ಅಕ್ಕಾ."

ನಾನು ಆ ಖಾತ್ರಿಯನ್ನೇ ಹೊತ್ತುಕೊಂಡು ಹರಿಹರದ ಬಸ್ಸು ಹತ್ತಿದೆ. ಮಾವನಿಗೆ ಚಿತ್ರ ಕೊಟ್ಟು, "ಖಾತ್ರಿ ಮಾವ," ಅಂದೆ. ಅವರು ಅಲ್ಲೇ ಫೋನು ತೆಗೆದು ಮಲೆಬೆನ್ನೂರಿನ ಮಿಲ್ಲಿನವರಿಗೆ ಹೂಂ ಅಂದರು.

ಆಯುಧಪೂಜೆಯ ಹೊತ್ತಿಗೆ ಜರಡಿ ತಯಾರಾಗಿ ವರ್ಕ್‌ಶಾಪಿನ ನಡುವೆ ಚೆಂಡುಹೂವಿನ ಹಾರ ಹಾಕಿಸಿಕೊಂಡು ನಿಂತಿತ್ತು. ಅವನನ್ನೂ ಕರೆದುಕೊಂಡು ಹೋಗಿದ್ದೆ. ಮಾವ ಅವನಿಗೆ, "ಬರ್ರಿ ಮೇಷ್ಟ್ರೇ, ಕೂಡ್ರಿ, ನಿಮ್ದೂ ಪಾಲೈತಿ ಇದ್ರಾಗೆ," ಎಂದು ಶಾಲು ಹೊದಿಸಿದರು. ಅತ್ತೆ ಹೋಳಿಗೆಗೆ ತುಪ್ಪ ಸುರಿದಳು. ಮಂಗಳಾರತಿ ಆದಾಗ ಅವನು ಗೋಡೆಯ ಆ ನೀಲಿ ಚಿತ್ರದ ಎದುರು ನಿಂತು ಕಣ್ಣು ಮುಚ್ಚಿ ಕೈ ಮುಗಿದ. ವಿಭೂತಿಯನ್ನೂ ಹಚ್ಚಿಸಿಕೊಂಡ. ನಾನು ಬಿದ್ದು ಬಿದ್ದು ನಕ್ಕದ್ದು ಅದನ್ನೂ ನೋಡಿಯೇ.

ಸುಗ್ಗಿ ಶುರುವಾಯಿತು. ಮಲೆಬೆನ್ನೂರಿನಲ್ಲಿ ಭತ್ತದ ಟ್ರ್ಯಾಕ್ಟರುಗಳು ಮಿಲ್ಲಿನ ಮುಂದೆ ಸಾಲು ನಿಂತಿದ್ದ ಒಂದು ಬೆಳಿಗ್ಗೆ ಜರಡಿ ಬಿರಿಯಿತು. ಮೋಟರಿನ ಕಡೆಯ ಮೂಲೆಯಲ್ಲಿ, ಚಿತ್ರದಲ್ಲಿ ಎಲ್ಲಕ್ಕಿಂತ ಗಾಢ ನೀಲಿ ಇದ್ದ ಜಾಗದಲ್ಲಿ, ಅಂಗೈ ಉದ್ದ ಸೀಳು. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ. ಮಿಲ್ಲಿನವರು ಸಾಲಿನಲ್ಲಿದ್ದ ರೈತರೆಲ್ಲರ ಎದುರು ಮಾವನಿಗೆ ಬಾಯಿಗೆ ಬಂದಂತೆ ಅಂದರಂತೆ. ಮಾವ ಅಲ್ಲೇ ಬೆಸುಗೆ ಹಾಕಿ ಬಂದರು.

ಮತ್ತೆ ಲೆಕ್ಕ ಓಡಿಸಿದೆ. ಮತ್ತೆ ನೀಲಿ. ಮತ್ತೆ ಅವನನ್ನೇ ಕೇಳಿದೆ. ಬೇರೆ ಯಾರನ್ನು ಕೇಳಲಿ?

"ತಗಡಿನ ಶೀಟ್ ಹೆಂಗಿತ್ತೋ ಯಾರಿಗ್ ಗೊತ್ತಕ್ಕಾ," ಅಂದ, ನನ್ನ ಡಬ್ಬಿಯ ರೊಟ್ಟಿ ಮುರಿಯುತ್ತ. "ಈಗಿನ ಮಾಲು ನಂಬೋ ಹಂಗಿಲ್ಲ. ಲೆಕ್ಕದಾಗೆ ಏನಿಲ್ಲ ಬಿಡ್ರಿ."

ನಾನು ಆ ಮಾತನ್ನೂ ಹೊತ್ತುಕೊಂಡು ಹೋಗಿ ಮಾವನಿಗೆ ಮುಟ್ಟಿಸಿದೆ. ಲೆಕ್ಕದಲ್ಲಿ ತಪ್ಪಿಲ್ಲ ಮಾವ, ಮಾಲು ನೋಡ್ರಿ ಅಂದೆ.

ಮಾಲು ಬರುತ್ತಿದ್ದದ್ದು ದಾವಣಗೆರೆಯ ಒಂದು ಕಬ್ಬಿಣದ ಅಂಗಡಿಯಿಂದ. ಅಂಗಡಿಯ ಸಾವ್ಕಾರರು ಮತ್ತು ಮಾವ ಮೀಸೆ ಚಿಗುರುವ ಕಾಲದಿಂದ ಗೆಳೆಯರು. ಮಾವ ಹೋದರೆ ಅವರು ಮೊದಲು ಚಹಾ ತರಿಸಬೇಕು, ಅದನ್ನು ಬಸಿಯಲ್ಲಿ ಹಂಚಿಕೊಂಡು ಕುಡಿಯಬೇಕು, ಆಮೇಲೆಯೇ ಮಾಲಿನ ಮಾತು. ಎಳವೆಯಲ್ಲಿ ಮಾವನ ಜೊತೆ ಹೋದಾಗ ನನಗೂ ಒಂದು ಬಸಿ ಸಿಕ್ಕಿದೆ. ಆ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮಾವ, "ನನ್ನ ಸೊಸಿ ಲೆಕ್ಕ ತಪ್ಪಲ್ಲ, ನಿನ್ನ ಮಾಲು ತಪ್ಪು. ಗೆಳೆಯ ಅಂತ ನಂಬಿದ್ರೆ ಕತ್ತು ಕೊಯ್ದೆಲ್ಲೋ!" ಎಂದು ಬಜಾರಿಗೆಲ್ಲ ಕೇಳುವಂತೆ ಕೂಗಿ ಬಂದರು. ಅತ್ತೆ ಇದನ್ನು ಫೋನಿನಲ್ಲಿ ಹೇಳಿದಾಗ ನನಗೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಹೆಮ್ಮೆಯೇ ಆಯಿತು. ಮಾವ ನನ್ನ ಪರ ನಿಂತರಲ್ಲ ಅಂತ.

ಬೇಸಿಗೆಯ ಹೊತ್ತಿಗೆ ಕಾಲೇಜಿನಲ್ಲಿ ಒಂದು ಸೆಮಿನಾರು ನಡೆಯಿತು. ಹೊರಗಿನ ಕಾಲೇಜುಗಳವರೂ ಬಂದಿದ್ದರು. ನನ್ನ ಪಕ್ಕದ ಮೇಜಿನವನದು ಊಟಕ್ಕೆ ಮುಂಚಿನ ಭಾಷಣ. ವಿಷಯ ಏನೆಂದು ನನಗೂ ಹೇಳಿರಲಿಲ್ಲ. ಸರ್‌ಪ್ರೈಸ್ ಅಕ್ಕಾ ಅಂದಿದ್ದ. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ, ಚಪ್ಪಾಳೆ ತಟ್ಟಲು.

ಅವನು ಶುರು ಮಾಡಿದ. ಡೆರಿವೇಟಿವ್‌ಗಳನ್ನು ಮೊದಲು ಒಂದು ನೆಟ್ಟಗಿನ ಚೌಕದ ಮೇಲೆ ಲೆಕ್ಕ ಹಾಕಿ, ಆಮೇಲೆ ನಿಜವಾದ ತುಂಡಿಗೆ ದಾಟಿಸುತ್ತೇವೆ ಅಂದ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿದ್ದದ್ದೇ. ಮೊದಲನೆಯದನ್ನು ದಾಟಿಸುವುದು ಸಲೀಸು. ಎರಡನೆಯದನ್ನು ದಾಟಿಸುವಾಗ ಹಿಂದೆ ಒಂದು ಬಾಲ ಬರುತ್ತದೆ, ತುಂಡಿನ ಸ್ವಂತ ಡೊಂಕಿನಿಂದ ಹುಟ್ಟುವ ಬಾಲ. ತುಂಡು ನೆಟ್ಟಗಿದ್ದರೆ ಆ ಬಾಲ ಸೊನ್ನೆ. ಡೊಂಕಿದ್ದರೆ ಸೊನ್ನೆಯಲ್ಲ. "ಕೆಲವು ಪ್ರೋಗ್ರಾಂಗಳು ಅಲ್ಲಿ ಯಾವಾಗಲೂ ಸೊನ್ನೆ ಹಾಕಿಬಿಡುತ್ತವೆ. ಗೊತ್ತಿಲ್ಲ ಅನ್ನುವ ಕಡೆ ಸೊನ್ನೆ. ಸೊನ್ನೆ ಅಂದರೆ ನೀಲಿ. ನೋಡಿದವರು ಸುರಕ್ಷಿತ ಅಂದುಕೊಳ್ಳುತ್ತಾರೆ," ಅಂದ. ಟೆಸ್ಟುಗಳಲ್ಲಿ ಇದು ಸಿಕ್ಕಿಬೀಳುವುದಿಲ್ಲ, ಯಾಕೆಂದರೆ ಪುಸ್ತಕದಲ್ಲಿ ಉತ್ತರ ಇರುವುದು ಚೌಕ ತಗಡುಗಳಿಗೆ, ನಾವೆಲ್ಲ ಟೆಸ್ಟ್ ಮಾಡುವುದೂ ಚೌಕ ತಗಡುಗಳನ್ನೇ.

ಅವನು ಮುಂದಿನ ಸ್ಲೈಡ್ ಒತ್ತಿದ.

ಪರದೆಯ ಎಡಕ್ಕೆ ನನ್ನ ಜರಡಿ, ಮೂಲೆ ನೀಲಿ. ಬಲಕ್ಕೆ ಅದೇ ಜರಡಿ, ಮೋಟರಿನ ಕಡೆಯ ಮೂಲೆ ನಿಗಿನಿಗಿ ಕೆಂಪು. ನಾನು ಕೂತು ಹೆಣೆದ ತುಂಡುಗಳು, ಒಂದೊಂದೂ ನನಗೆ ಗುರುತು. ಅದರ ಕೆಳಗೆ ಬಿರಿದ ತಟ್ಟೆಯ ಫೋಟೋ. ಕಾರಣ ಹುಡುಕೋಣ ಎಂದು ನಾನೇ ಅವನ ಫೋನಿಗೆ ಕಳಿಸಿದ್ದ ಫೋಟೋ!

ಹಿರಿಯ ಪ್ರೊಫೆಸರೊಬ್ಬರು ಎದ್ದು ನಿಂತು, ಈ ತಪ್ಪು ನಿಮ್ಮ ಗಮನಕ್ಕೆ ಬಂದದ್ದು ಯಾವಾಗ ಎಂದು ಕೇಳಿದರು. ಅವನಿಗೆ ಹೊಗಳಿಕೆಯ ಅಮಲು ಏರಿತ್ತು.

"ಹೋದ ಬೇಸಿಗೆಯಲ್ಲೇ ಸರ್. ಆದರೆ ತೋರಿಸೋದಕ್ಕೆ ನಿಜವಾದ ಒಂದು ಉದಾಹರಣೆ ಬೇಕಿತ್ತು. ಅದೃಷ್ಟಕ್ಕೆ ಮಳೆಗಾಲದಲ್ಲಿ ಒಂದು ಸಿಕ್ಕಿತು."

ಎಲಾ ಇವನ! ಅದೃಷ್ಟ! ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಬಹಳ ಹೊತ್ತು ನೋಡಿದನಲ್ಲ, ಆಗ ಅವನು ನೋಡುತ್ತಿದ್ದದ್ದು ಅದೃಷ್ಟವನ್ನು. ಹೋಳಿಗೆ ತಿಂದು, ಶಾಲು ಹೊದ್ದು ಕೈ ಮುಗಿದದ್ದೂ ಅದಕ್ಕೇ. ಬಿರಿಯುತ್ತದೆ ಎಂದು ಗೊತ್ತಿದ್ದೇ ಹಣೆಗೆ ವಿಭೂತಿ ಹಚ್ಚಿಸಿಕೊಂಡ. ಕೊನೆಯ ಸ್ಲೈಡಿನಲ್ಲಿ ಹರಿಹರದ ಒಂದು ವರ್ಕ್‌ಶಾಪಿಗೆ ಕೃತಜ್ಞತೆ ಎಂದು ಬೇರೆ ಬರೆದಿದ್ದ. ಸುತ್ತ ಎಲ್ಲರೂ ಚಪ್ಪಾಳೆ ತಟ್ಟಿದರು.

ಹೊರಗೆ ಹಜಾರದಲ್ಲಿ ಅವನನ್ನು ಹಿಡಿದೆ. "ಯಾಕೋ?" ಅಂದೆ.

"ಸಿಟ್ಟಾಗಬ್ಯಾಡ್ರಿ ಅಕ್ಕಾ. ನಿಮ್ಮ ಹೆಸ್ರು ಎಲ್ಲೂ ಎತ್ತಿಲ್ಲ, ನೋಡಿದ್ರಲ್ಲ. ಜರ್ನಲ್‌ನೋರು ಪೇಪರ್ ಒಪ್ಕೊಳ್ಳೋ ತನ್ಕ ಯಾರ ಹತ್ರಾನೂ ಬಾಯಿ ಬಿಡಬ್ಯಾಡ ಅಂದಿದ್ರು ನಮ್ಮ ಗೈಡ್ ಸರ್."

"ಯಾರ ಹತ್ರಾನೂ ಅಂದ್ರೆ ನನ್ನ ಹತ್ರಾನೂ?"

ಅವನು ಫೋನು ನೋಡಿಕೊಂಡ. "ಜರಡಿ ಅಲ್ವೇನಕ್ಕಾ, ಸೇತುವೆ ಅಲ್ಲ. ಯಾರಿಗೂ ಏನೂ ಆಗ್ಲಿಲ್ಲಲ್ಲ."

"ಮತ್ತೆ ಶೀಟ್ ಸರಿ ಇಲ್ಲ ಅಂದ್ಯಲ್ಲೋ?"

"ನೀವು ಕೇಳಿದ್ರಿ. ಏನಾರ ಒಂದು ಹೇಳ್ಬೇಕಿತ್ತಲ್ಲಕ್ಕಾ."

ನಮ್ಮ ಓಣಿಯಲ್ಲಿ ನಾನು ಜಗಳಗಂಟಿ ಎಂದೇ ಹೆಸರುವಾಸಿ. ನೀರಿನ ಟ್ಯಾಂಕರಿನವನಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಯಾರನ್ನೂ ಬಿಟ್ಟವಳಲ್ಲ. ಅವತ್ತು ನಾನು ಅಂದದ್ದು ಮಾತ್ರ, "ನನ್ನ ಡಬ್ಬಿ ನಿನ್ನ ಮೇಜಿನ ಮ್ಯಾಲೈತಿ, ತಂದುಕೊಡು," ಅಂತ. ತಂದುಕೊಟ್ಟ. ಥೂ, ತೊಳೆದೂ ಇರಲಿಲ್ಲ.

ಗೈಡನ್ನು ಕೇಳಲು ಹೋಗಲಿಲ್ಲ. ಒಂದೇ ಲ್ಯಾಬಿನಲ್ಲಿ ಕೂತು, ನನ್ನೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿದ್ದ ಮೇಲೆ ಕೇಳುವುದೇನು? ಕಂಪ್ಯೂಟರಿನಲ್ಲಿ ಅವನ ಪಾಲನ್ನು ಮೊದಲ ಸಲ ಬಿಚ್ಚಿದೆ. ಸೊನ್ನೆ ಅಲ್ಲೇ ಕೂತಿತ್ತು. ಪ್ರೋಗ್ರಾಮಿನ ತನ್ನ ಕಾಪಿಯಲ್ಲಿ ಸರಿಮಾಡಿಕೊಂಡು, ನನ್ನದರಲ್ಲಿ ಹಾಗೇ ಬಿಟ್ಟಿದ್ದ. ಬಾಲದ ಲೆಕ್ಕವನ್ನು ನಾನೇ ಬರೆದೆ. ಈ ಸಲ ಚೌಕ ತಗಡನ್ನು ನಂಬದೆ, ಬೇಕೆಂದೇ ಡೊಂಕು ಮಾಡಿದ ತುಂಡುಗಳ ಮೇಲೆ, ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಓಡಿಸಿ ತಾಳೆ ನೋಡಿದೆ. ಎಲ್ಲ ಕೂಡಿ ಬಂತು. ಮಾವನ ಜರಡಿಯನ್ನು ಹಾಕಿದೆ. ಮೂರು ಮೂಲೆಗಳು ನೀಲಿಯೇ ಉಳಿದವು. ಮೋಟರಿನ ಕಡೆಯದು ಕೆಂಪಾಯಿತು.

ಆ ಕೆಂಪು ಚಿತ್ರದ ಪ್ರಿಂಟು ಹಿಡಿದು ಕೂತವಳಿಗೆ ಹರಿಹರಕ್ಕೆ ಹೋಗುವ ಧೈರ್ಯ ಬರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮಾವನ ಗೆಳೆಯ ಕಳ್ಳಮಾಲಿನವನಾಗಿಯೇ ಉಳಿಯುತ್ತಾನೆ. ಹೇಳಿದರೆ ಮಾವ ಏನೆಂದು ತಿಳಿಯಬೇಕು? ಜೊತೆಯವನಿಗೆ ಗೊತ್ತಿದ್ದದ್ದು ಇವಳಿಗೆ ಗೊತ್ತಿರಲಿಲ್ಲ ಎಂದು ನಂಬಿದರೆ ನಾನು ದಡ್ಡಿ. ನಂಬದಿದ್ದರೆ ನಾನೂ ಅವನ ಜೊತೆಗಾತಿಯೇ. ಮಾವನ ಕಣ್ಣಲ್ಲಿ ಎರಡರಲ್ಲಿ ಒಂದಾಗಲೇಬೇಕು. ಅವನು ನನಗೆ ಮಾಡಿಟ್ಟುಹೋದ ಉಪಕಾರ ಅದು.

ಹೋದೆ. ಮಾವ ಗ್ರೈಂಡರ್ ಹಿಡಿದು ಏನೋ ಉಜ್ಜುತ್ತಿದ್ದರು. ನಿಲ್ಲಿಸಿ, ಸ್ಟೂಲು ಒರೆಸಿ ಕೊಟ್ಟರು. ನಿಂತುಕೊಂಡೇ ಎಲ್ಲ ಹೇಳಿದೆ. ಮುಗಿದ ಮೇಲೆ ಅವರು ಗೋಡೆಯ ಕಡೆ ನೋಡಿದರು.

"ಅವತ್ತು ಇಲ್ಲೇ ನಿಂತು ಕೈ ಮುಗ್ದನಲ್ಲ ಆ ಹುಡ್ಗ. ಅವತ್ತೇ ಗೊತ್ತಿತ್ತೇನು ಅವ್ನಿಗೆ?"

"ಗೊತ್ತಿತ್ತು ಮಾವ."

ಕೈಗೆ ಮೆತ್ತಿದ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು: "ನಿಂಗೆ?"

ಅಯ್ಯೋ ಶಿವನೇ! ಅದೊಂದನ್ನು ಅವರು ಕೇಳಬಾರದಿತ್ತು. ಅಪ್ಪನ ಎದುರು ನನಗಾಗಿ ಜಗಳ ಮಾಡಿದ ಮನುಷ್ಯ ಕೇಳಬಾರದಿತ್ತು. ಕೇಳುವಂತೆ ಮಾಡಿದನಲ್ಲ ಆ ಪಾಪಿ.

"ಇಲ್ಲ ಮಾವ. ನಿಮ್ಮಾಣೆಗೂ ಗೊತ್ತಿರ್ಲಿಲ್ಲ."

"ಹೂಂ," ಅಂದರು. ಆ ಹೂಂಗೆ ಏನು ಅರ್ಥ ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ಅಂಗಿ ಬದಲಿಸಿ, ತಲೆ ಬಾಚಿಕೊಂಡು, ದಾವಣಗೆರೆಗೆ ಹೊರಟರು. ನಾನೂ ಬರ್ತೀನಿ ಮಾವ ಅಂದೆ. "ನೀ ಬ್ಯಾಡ. ಕೂಗಾಡಿದ್ದು ನಾನು," ಅಂದರು.

ಮಧ್ಯಾಹ್ನದ ಮೇಲೆ ಒಂದು ಗೂಡ್ಸ್ ಆಟೋದಲ್ಲಿ ಹೊಸ ಶೀಟಿನ ಜೊತೆ ವಾಪಸಾದರು. ಮಿಲ್ಲಿಗೆ ಹೊಸ ತಟ್ಟೆ ಮಾಡಿಕೊಡಬೇಕಿತ್ತು, ಹಾಕಿದ ಬೆಸುಗೆ ಎಷ್ಟು ದಿನ ತಾಳೀತು? ಇಳಿಸಿಕೊಂಡು ಬಂದು ನನ್ನ ಎದುರು ಕೂತರು.

"ಏನಂದ್ರು ಮಾವ?"

"ಏನೂ ಅನ್ಲಿಲ್ಲ. ಮಾಲು ಕೊಟ್ರು." ತಲೆ ತಗ್ಗಿಸಿ ಚಪ್ಪಲಿ ಬಿಟ್ಟರು. "ಚಹಾ ತರ್ಸಲಿಲ್ಲ."

ನಾನು ಪ್ರಿಂಟು ಬಿಚ್ಚಿ ಅವರ ಮುಂದೆ ಹಿಡಿದೆ. ಅವರು ಅದನ್ನು ಮುಟ್ಟಲಿಲ್ಲ. ಮಡಚಿಡು ಎಂದು ಕೈಸನ್ನೆ ಮಾಡಿ, ಸೀಮೆಸುಣ್ಣ ತೆಗೆದುಕೊಂಡು ಹೊಸ ಶೀಟಿನ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಚಿತ್ರ ಬ್ಯಾಡ. ಬಿರಿಯದಂಗೆ ದಪ್ಪ ಪಟ್ಟಿ ಎಲ್ಲಿಗೆ ಹಾಕ್ಬೇಕು, ಬಾಯಿಲೇ ಹೇಳು."

"ಮೋಟರ್ ಕಡೆ ಮೂಲಿಗೆ ಮಾವ. ಅದೊಂದಕ್ಕೇ ಸಾಕು."

"ಖಾತ್ರಿನಾ?"

ಲೆಕ್ಕ ಸರಿ ಇತ್ತು. ನಾನೇ ಬರೆದದ್ದು, ನಾನೇ ತಾಳೆ ನೋಡಿದ್ದು, ಇನ್ನೊಬ್ಬರ ಮಾತು ಅದರಲ್ಲಿ ಒಂದಕ್ಷರ ಇರಲಿಲ್ಲ. ಖಾತ್ರಿ ಅನ್ನಲು ಬಾಯಿ ತೆರೆದೆ. ಆ ಮಾತಿನ ಬದಲು ಅವನ ದನಿ ಕೇಳಿಸಿತು, ಖಾತ್ರಿ ಅಕ್ಕಾ ಅಂತ. ಬಾಯಿ ಹಾಗೇ ನಿಂತಿತು.

ಮಾವ ಸೀಮೆಸುಣ್ಣ ಹಿಡಿದು ಕಾದರು. ಮತ್ತೊಮ್ಮೆ ಕೇಳಲಿಲ್ಲ.

"ಇರ್ಲಿ ಬಿಡವ್ವಾ," ಅಂದರು. "ನಾಲ್ಕಕ್ಕೂ ಹಾಕ್ತೀನಿ."

ಒಂದೊಂದಾಗಿ ನಾಲ್ಕೂ ಮೂಲೆಗಳಿಗೆ ಗುರುತು ಹಾಕಿದರು. ನಾನು ಹೇಳಿದ್ದು ಒಂದೇ ಮೂಲೆ.